ತಿನಿಸಿನಲ್ಲಿ ರಾಸಾಯನಿಕ ಬಣ್ಣ: ಗಡಿಯ ಎರಡೂ ಕಡೆ ಕಾನೂನು ಒಂದೇ

ಗುಂಡುಮಾಲ್: ಕನ್ನಡದವರು ಬಾಂಬೆ ಮಿಠಾಯಿ ಎಂದರೂ ತೆಲುಗಿನವರು ಪೀಚು ಮಿಠಾಯಿ ಎಂದರೂ ಜಾತ್ರೆಯಲ್ಲಿ ಮಕ್ಕಳು ಹಟ ಮಾಡುವುದು ಅದೇ ಗುಲಾಬಿ ತಿನಿಸಿಗೆ. ಕರ್ನಾಟಕ ಸರ್ಕಾರ 2024ರ ಮಾರ್ಚ್ 11ರಂದು ಇದಕ್ಕೂ ಗೋಬಿ ಮಂಚೂರಿಗೂ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿತು. ಪರೀಕ್ಷೆಗೆ ಕಳಿಸಿದ 171 ಗೋಬಿ ಮಾದರಿಗಳಲ್ಲಿ 107, ಬಾಂಬೆ ಮಿಠಾಯಿಯ 25ರಲ್ಲಿ 15 ಅಸುರಕ್ಷಿತವಾಗಿದ್ದವು. ಗೋಬಿ ಮಾರುವುದಕ್ಕೆ ಅಡ್ಡಿಯಿಲ್ಲ, ಬಣ್ಣಕ್ಕೆ ಮಾತ್ರ ನಿಷೇಧ.

ಸಿಕ್ಕಿಬಿದ್ದ ಬಣ್ಣಗಳಲ್ಲಿ ರೊಡಮೈನ್-ಬಿ ಕೂಡ ಒಂದು. ಇದು ಬಟ್ಟೆ, ಕಾಗದಕ್ಕೆ ಹಾಕುವ ಬಣ್ಣ. ಸೀರೆ ನೇಯ್ಗೆಗೆ ಹೆಸರಾದ ನಾರಾಯಣಪೇಟೆ ಸೀಮೆಯವರಿಗೆ ನೂಲಿನ ಬಣ್ಣ ಯಾವುದು, ಅಡುಗೆಯದು ಯಾವುದು ಎಂದು ಬಿಡಿಸಿ ಹೇಳಬೇಕಿಲ್ಲ. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಇದರಿಂದ ಯಕೃತ್ತಿಗೆ ಹಾನಿ ಕಂಡುಬಂದಿದೆ. ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ಖಚಿತವಾಗಿ ಹೇಳಲು ಪುರಾವೆ ಸಾಲದು. ಆದರೂ ಹೊಟ್ಟೆಗೆ ಹೋಗಬೇಕಾದ ವಸ್ತು ಇದಲ್ಲ.

ಟಾರ್ಟ್ರಜೀನ್ ಎಂಬ ಹಳದಿ ಬಣ್ಣದ ಕಥೆ ಬೇರೆ. ಕಾನೂನು ಒಪ್ಪಿದ 8 ಕೃತಕ ಬಣ್ಣಗಳಲ್ಲಿ ಇದೂ ಒಂದು. ಐಸ್‌ಕ್ರೀಂ, ಬಿಸ್ಕತ್ತಿನಂಥ ಕೆಲವು ತಿನಿಸುಗಳಿಗೆ ಮಾತ್ರ, ಅದೂ ಮಿತಿಯೊಳಗೆ ಹಾಕಬಹುದು. ಕೆಲವರಿಗೆ ಇದರಿಂದ ಮೈಮೇಲೆ ದದ್ದು ಏಳುವುದು, ಉಬ್ಬಸ ಹೆಚ್ಚುವುದು ಉಂಟು.

ಕರ್ನಾಟಕದ ಆದೇಶ ಗಡಿ ದಾಟಿ ಬರುವುದಿಲ್ಲ, ನಿಜ. ಆದರೆ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006 ಕೇಂದ್ರದ್ದು, ತೆಲಂಗಾಣಕ್ಕೂ ಅನ್ವಯಿಸುತ್ತದೆ. ರೊಡಮೈನ್-ಬಿ ಅದರ ಒಪ್ಪಿಗೆಯ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಆದ್ದರಿಂದ ರಾಯಚೂರಿನಲ್ಲಿ ತಪ್ಪಾದದ್ದು ಮಕ್ತಲ್, ಗದ್ವಾಲದಲ್ಲೂ ತಪ್ಪೇ.

ಅಂಗಡಿ ತಿಂಡಿ ಬಿಟ್ಟರೂ ಅಡುಗೆಮನೆಯ ಅರಿಶಿನ (ಪಸುಪು) ಬಿಡಲಾಗದು. ಬಣ್ಣ ಹೊಳೆಯಲೆಂದು ಇದಕ್ಕೆ ಸೀಸದ ಕ್ರೋಮೇಟ್ ಬೆರೆಸುವುದುಂಟು. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಕುತ್ತು ತರುತ್ತದೆ, ಅಡುಗೆಯ ಬಿಸಿಗೆ ಅದು ನಾಶವಾಗುವುದಿಲ್ಲ. ಒಂದು ಗ್ಲಾಸ್ ನೀರಿಗೆ ಒಂದು ಚಮಚ ಪುಡಿ ಹಾಕಿ ನೋಡಿ. ಶುದ್ಧ ಅರಿಶಿನ ತಿಳಿಹಳದಿ ಬಿಟ್ಟು ತಳಕ್ಕೆ ಇಳಿಯುತ್ತದೆ. ನೀರು ಕಡುಹಳದಿಯಾದರೆ ಅನುಮಾನಿಸಬೇಕು. ಕೊಂಬು ತಂದು ಮನೆಯಲ್ಲೇ ಪುಡಿ ಮಾಡಿಸುವವರೂ ಹೊಳಪಿನ ಕೊಂಬು ಆರಿಸದಿರುವುದು ಒಳ್ಳೆಯದು, ಏಕೆಂದರೆ ಬಣ್ಣವನ್ನು ಕೊಂಬಿಗೇ ಹಚ್ಚುವುದುಂಟು. ತೊಗರಿ ಬೇಳೆಗೆ (ಕಂದಿಪಪ್ಪು) ಬೆರೆಸುವ ಮೆಟಾನಿಲ್ ಯೆಲ್ಲೋ ಪತ್ತೆಗೆ ಆಮ್ಲ ಬೇಕು, ಅದನ್ನು ಪ್ರಯೋಗಾಲಯಕ್ಕೆ ಬಿಡುವುದೇ ಲೇಸು.

ಕಾಯ್ದೆಯ 40ನೇ ಕಲಂ ಪ್ರಕಾರ, ಕೊಂಡವರೇ ಶುಲ್ಕ ಕಟ್ಟಿ ಪದಾರ್ಥವನ್ನು ಪರೀಕ್ಷೆ ಮಾಡಿಸಬಹುದು. ಹಾಗೆ ಮಾಡಿಸುವುದಾಗಿ ಕೊಳ್ಳುವಾಗಲೇ ಅಂಗಡಿಯವನಿಗೆ ತಿಳಿಸಬೇಕು. ವರದಿಯಲ್ಲಿ ತಪ್ಪು ಕಂಡುಬಂದರೆ ಕಟ್ಟಿದ ಶುಲ್ಕ ವಾಪಸ್ ಸಿಗುತ್ತದೆ.