ಕಾಂಕ್ರೀಟ್ ನಿರ್ಮಾಣಗಳಲ್ಲಿ ಲವಣಾಂಶದ ಪರೀಕ್ಷೆ

ಕರಾವಳಿಯ ಸೇತುವೆ, ಜೆಟ್ಟಿ ಹಾಗೂ ಕಟ್ಟಡಗಳಲ್ಲಿ ಸಮುದ್ರದ ನೀರು ಮತ್ತು ಗಾಳಿಯ ಮೂಲಕ ಬರುವ ಕ್ಲೋರೈಡ್ ಲವಣವು ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳೊಳಗೆ ಕ್ರಮೇಣ ಇಳಿಯುತ್ತದೆ. ಇದರಿಂದ ಕಾಂಕ್ರೀಟಿಗಿಂತ ಹೆಚ್ಚಿನ ಹಾನಿ ಅದರೊಳಗಿನ ಕಬ್ಬಿಣದ ಸರಳುಗಳಿಗೆ ಆಗುತ್ತದೆ. ಸರಳು ತುಕ್ಕು ಹಿಡಿದು ಉಬ್ಬಿದಾಗ ಹೊರಗಿನ ಕಾಂಕ್ರೀಟು ಬಿರಿಯುತ್ತದೆ. ಬಿರುಕು ಕಾಣುವ ವೇಳೆಗೆ ಹಾನಿಯು ಬಹಳ ಮುಂದುವರಿದಿರುವುದರಿಂದ, ಮೇಲೆ ಗಾರೆ ಬಳಿದು ಮುಚ್ಚುವುದನ್ನು ದುರಸ್ತಿಯೆಂದು ಪರಿಗಣಿಸಲಾಗದು. ಗೋವಾದ ಪಣಜಿಯಲ್ಲಿ ಮಾಂಡವಿ ನದಿಯ ಸೇತುವೆಯು 1986ರ ಜುಲೈ 5ರಂದು ಕುಸಿದುದಕ್ಕೆ ಒಳಗಿನ ಉಕ್ಕಿನ ತುಕ್ಕು ಪ್ರಮುಖ ಕಾರಣವೆಂದು ಹೇಳಲಾಗಿದೆ.

ಪರೀಕ್ಷೆಗಾಗಿ ಕಾಂಕ್ರೀಟನ್ನು ಹಂತ ಹಂತವಾಗಿ ಕೊರೆದು, ಪ್ರತಿ ಆಳದ ಪುಡಿಯನ್ನು ಪ್ರತ್ಯೇಕವಾಗಿ ಸಂಗ್ರಹಿಸಿ, ಪ್ರಯೋಗಾಲಯದಲ್ಲಿ ಕ್ಲೋರೈಡ್ ಪ್ರಮಾಣವನ್ನು ಅಳೆಯಲಾಗುತ್ತದೆ. ಪುಡಿಗಳನ್ನು ಬೆರೆಸಿದಲ್ಲಿ ಫಲಿತಾಂಶವು ನಿರುಪಯುಕ್ತ. ಲವಣವು ಸರಳಿನ ಆಳವನ್ನು ತಲುಪಿದೆಯೇ ಎಂಬುದೇ ಇಲ್ಲಿ ಮುಖ್ಯ. ಹೊಸದಾಗಿ ಒಡೆದ ಮೈಗೆ ಸಿಲ್ವರ್ ನೈಟ್ರೇಟ್ ದ್ರಾವಣವನ್ನು ಸಿಂಪಡಿಸಿದರೆ ಲವಣ ಇಳಿದ ಭಾಗವು ಬೆಳ್ಳಗಾಗುತ್ತದೆ, ಉಳಿದ ಭಾಗವು ಕಂದು ಬಣ್ಣಕ್ಕೆ ತಿರುಗುತ್ತದೆ. ಇದು ಶೀಘ್ರ ವಿಧಾನವಾದರೂ ಇದರಿಂದ ನಿಖರ ಪ್ರಮಾಣ ತಿಳಿಯದು.

ತುಕ್ಕಿನ ಸಾಧ್ಯತೆಯನ್ನು ಅರಿಯಲು ಹಾಫ್ ಸೆಲ್ ಪರೀಕ್ಷೆಯನ್ನು ನಡೆಸಲಾಗುತ್ತದೆ. ತಾಮ್ರ ಹಾಗೂ ತಾಮ್ರದ ಸಲ್ಫೇಟ್ ವಿದ್ಯುದ್ವಾರದ ಮಾಪನವು -350 ಮಿಲಿವೋಲ್ಟ್‌ಗಿಂತ ಹೆಚ್ಚು ಋಣಾತ್ಮಕವಾಗಿದ್ದಲ್ಲಿ ಸರಳು ತುಕ್ಕು ಹಿಡಿಯುತ್ತಿರುವ ಸಾಧ್ಯತೆ ಶೇ. 90ಕ್ಕಿಂತ ಅಧಿಕ. ಆದರೆ ಸದಾ ನೀರಿನಲ್ಲಿ ಮುಳುಗಿರುವ ಕಂಬಗಳಲ್ಲಿ ಆಮ್ಲಜನಕದ ಕೊರತೆಯಿಂದ, ತುಕ್ಕು ಅಲ್ಪವಿದ್ದರೂ ಇಂತಹ ಅಂಕಿ ಬರುವುದುಂಟು. ಆದುದರಿಂದ ಇದೊಂದರಿಂದಲೇ ತೀರ್ಮಾನಕ್ಕೆ ಬರಬಾರದು.

ಹೊಸ ಕಾಮಗಾರಿಗಳಲ್ಲಿ, ಉಬ್ಬರವಿಳಿತದ ವಲಯದ ಭಾಗಗಳಿಗೆ ಐಎಸ್ 456:2000ರಲ್ಲಿ ಕನಿಷ್ಠ ಎಂ40 ದರ್ಜೆಯ ಕಾಂಕ್ರೀಟ್ ಮತ್ತು ಸರಳಿನ ಮೇಲೆ 75 ಮಿ.ಮೀ. ಕವರ್ ನಿಗದಿಪಡಿಸಲಾಗಿದೆ.