ಪಟ್ಟಿ ಎಣಿಸುವುದೇನು, ಹಾಡು ಉಳಿಯುವುದೆಲ್ಲಿ?

1967ರ ಆರಂಭದಲ್ಲಿ ಬೀಟಲ್ಸ್ ತಂಡ 'ಸ್ಟ್ರಾಬೆರಿ ಫೀಲ್ಡ್ಸ್ ಫಾರೆವರ್' ಮತ್ತು 'ಪೆನ್ನಿ ಲೇನ್' ಹಾಡುಗಳನ್ನು ಒಂದೇ ತಟ್ಟೆಯ ಎರಡು ಬದಿಗಳಲ್ಲಿ ಹೊರತಂದಿತು. ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಅದು ಎರಡನೇ ಸ್ಥಾನಕ್ಕಿಂತ ಮೇಲೇರಲಿಲ್ಲ. ಮೊದಲ ಸ್ಥಾನ ಎಂಗೆಲ್‌ಬರ್ಟ್ ಹಂಪರ್‌ಡಿಂಕ್ ಹಾಡಿದ 'ರಿಲೀಸ್ ಮಿ'ಗೆ ಸಿಕ್ಕಿತು. ಸ್ಟುಡಿಯೋವನ್ನೇ ಒಂದು ವಾದ್ಯದಂತೆ ಬಳಸುವುದು ಹೇಗೆಂದು ಕಲಿಯುವವರು ಇಂದಿಗೂ ಹುಡುಕಿ ಕೇಳುವುದು ಎರಡನೇ ಸ್ಥಾನದ ಆ ತಟ್ಟೆಯನ್ನು. ಜನಪ್ರಿಯತೆಯ ಪಟ್ಟಿಗೂ ಹಾಡಿನ ಪ್ರಭಾವಕ್ಕೂ ಇರುವ ಈ ಅಂತರ ಆಕಸ್ಮಿಕವಲ್ಲ. ಪಟ್ಟಿಗಳು ಬೆಳೆದುಬಂದ ಬಗೆಯಲ್ಲೇ ಅದಕ್ಕೆ ಕಾರಣಗಳಿವೆ.

ಬ್ರಿಟನ್ನಿನ ಮೊದಲ ಪಟ್ಟಿ 1952ರ ನವೆಂಬರ್ 14ರಂದು 'ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್' ಪತ್ರಿಕೆಯಲ್ಲಿ ಬಂತು. ಪತ್ರಿಕೆಯ ಪರ್ಸಿ ಡಿಕಿನ್ಸ್ ಸುಮಾರು 20 ಅಂಗಡಿಗಳಿಗೆ ಫೋನ್ ಮಾಡಿ, ಯಾವ ತಟ್ಟೆ ಹೆಚ್ಚು ಹೋಗುತ್ತಿದೆ ಎಂದು ವಿಚಾರಿಸಿ ಅದನ್ನು ಸಿದ್ಧಪಡಿಸಿದ್ದರು. ಅಮೆರಿಕದ 'ಬಿಲ್‌ಬೋರ್ಡ್' 1958ರ ಆಗಸ್ಟ್ 4ರಂದು 'ಹಾಟ್ 100' ಆರಂಭಿಸಿ, ಮಾರಾಟದ ಜೊತೆಗೆ ರೇಡಿಯೋ ಪ್ರಸಾರವನ್ನೂ ಲೆಕ್ಕಕ್ಕೆ ಸೇರಿಸಿತು. ಆದರೂ ದಶಕಗಳ ಕಾಲ ಈ ಲೆಕ್ಕ ಅಂಗಡಿಯವರ, ರೇಡಿಯೋದವರ ಮಾತನ್ನೇ ನೆಚ್ಚಿಕೊಂಡಿತ್ತು. ಯಾವ ಅಂಗಡಿಯನ್ನು ಕೇಳಿದರು, ಅಲ್ಲಿದ್ದವರು ಯಾವ ಸಂಗೀತವನ್ನು ಗಮನಿಸುತ್ತಿದ್ದರು ಎಂಬುದೂ ಸ್ಥಾನವನ್ನು ನಿರ್ಧರಿಸುತ್ತಿತ್ತು.

1991ರಲ್ಲಿ ಸೌಂಡ್‌ಸ್ಕ್ಯಾನ್ ವ್ಯವಸ್ಥೆ ಬಂತು. ಬಿಲ್ ಹಾಕುವಾಗಲೇ ಬಾರ್‌ಕೋಡ್ ಮೂಲಕ ಮಾರಾಟ ದಾಖಲಾಗತೊಡಗಿತು. ಆಲ್ಬಮ್‌ಗಳ ಪಟ್ಟಿ ಮೇ ತಿಂಗಳಲ್ಲಿ, ಹಾಟ್ 100 ನವೆಂಬರಿನಲ್ಲಿ ಈ ಕ್ರಮಕ್ಕೆ ಬದಲಾದವು. ಜೂನ್‌ನಲ್ಲೇ ರ‍್ಯಾಪ್ ತಂಡ ಎನ್.ಡಬ್ಲ್ಯು.ಎ.ಯ ಆಲ್ಬಮ್ ಮೊದಲ ಸ್ಥಾನಕ್ಕೆ ಬಂತು. ಕಂಟ್ರಿ ಗಾಯಕ ಗಾರ್ತ್ ಬ್ರೂಕ್ಸ್ ಸೆಪ್ಟೆಂಬರಿನಲ್ಲಿ ಅದೇ ಸ್ಥಾನಕ್ಕೇರಿದರು. ಈ ಸಂಗೀತಗಳ ಕೇಳುಗರು ಒಂದೇ ಬೇಸಿಗೆಯಲ್ಲಿ ಹುಟ್ಟಿಕೊಂಡವರಲ್ಲ. ಅವರನ್ನು ಎಣಿಸಲು ಶುರುವಾದದ್ದು ಆಗ. ಹಾಟ್ 100ರ ಸುಮಾರು 17 ಸಾವಿರ ಹಾಡುಗಳನ್ನು ವಿಶ್ಲೇಷಿಸಿದ ಮಥಿಯಾಸ್ ಮೌಖ್ ಮತ್ತು ಸಂಗಡಿಗರು 2015ರಲ್ಲಿ, ಅಮೆರಿಕದ ಪಾಪ್ ಸಂಗೀತದ ಅತಿದೊಡ್ಡ ತಿರುವು 1991ರದು ಎಂದು ತೋರಿಸಿದರು. ಎಣಿಕೆಯ ವಿಧಾನವೂ ಅದೇ ವರ್ಷ ಬದಲಾಗಿದ್ದನ್ನು ನೆನೆದರೆ, ಆ ತಿರುವಿನ ಒಂದು ಪಾಲು ಅಳತೆಗೋಲಿನದೂ ಆಗಿರಬಹುದು.

ಎಣಿಕೆ ನಿಖರವಾದರೂ ನಿಯಮಗಳ ತೊಡಕು ಉಳಿಯಿತು. ಅಂಗಡಿಯಲ್ಲಿ ಬಿಡಿ ಹಾಡಾಗಿ ಮಾರಾಟಕ್ಕೆ ಬಾರದ ಹಾಡಿಗೆ 1998ರ ಡಿಸೆಂಬರ್‌ವರೆಗೆ ಹಾಟ್ 100ರಲ್ಲಿ ಪ್ರವೇಶವಿರಲಿಲ್ಲ. ನೋ ಡೌಟ್ ತಂಡದ 'ಡೋಂಟ್ ಸ್ಪೀಕ್' ರೇಡಿಯೋ ಪ್ರಸಾರದ ಪಟ್ಟಿಯಲ್ಲಿ 16 ವಾರ ಮೊದಲ ಸ್ಥಾನದಲ್ಲಿದ್ದೂ ಹಾಟ್ 100ರಲ್ಲಿ ಒಮ್ಮೆಯೂ ಕಾಣಲಿಲ್ಲ. ಮುಂದೆ 2012ರಲ್ಲಿ ದಕ್ಷಿಣ ಕೊರಿಯಾದ ಸೈ ಅವರ 'ಗಂಗ್ನಮ್ ಸ್ಟೈಲ್' ಏಳು ವಾರ ಎರಡನೇ ಸ್ಥಾನದಲ್ಲೇ ನಿಂತಿತು. ಯೂಟ್ಯೂಬಿನಲ್ಲಿ ನೂರು ಕೋಟಿ ವೀಕ್ಷಣೆ ಮುಟ್ಟಿದ ಮೊದಲ ವಿಡಿಯೋ ಅದು. ಆದರೆ ಯೂಟ್ಯೂಬ್ ವೀಕ್ಷಣೆ ಹಾಟ್ 100ರ ಲೆಕ್ಕಕ್ಕೆ ಸೇರಿದ್ದು 2013ರ ಫೆಬ್ರುವರಿಯಲ್ಲಿ.

ಇನ್ನು ಕಾಲದ ಪ್ರಶ್ನೆ. ಪಟ್ಟಿ ವಾರದ ಲೆಕ್ಕ ಹೇಳುತ್ತದೆ, ಪ್ರಭಾವಕ್ಕೆ ವರ್ಷಗಳು ಬೇಕು. ಕೇಟ್ ಬುಷ್ ಅವರ 'ರನ್ನಿಂಗ್ ಅಪ್ ದಟ್ ಹಿಲ್' 1985ರಲ್ಲಿ ಬ್ರಿಟನ್ನಿನಲ್ಲಿ ಮೂರನೆಯದಾಗಿತ್ತು. 'ಸ್ಟ್ರೇಂಜರ್ ಥಿಂಗ್ಸ್' ಧಾರಾವಾಹಿಯಲ್ಲಿ ಬಳಕೆಯಾದ ಮೇಲೆ, 2022ರಲ್ಲಿ ಮೊದಲ ಸ್ಥಾನ ಪಡೆಯಿತು. ಇದಕ್ಕಿಂತ ದೊಡ್ಡ ಉದಾಹರಣೆ ವಿನ್‌ಸ್ಟನ್ಸ್ ತಂಡದ್ದು. 1969ರ ಅವರ ತಟ್ಟೆಯ ಮುಂಬದಿಯ ಹಾಡು ಹಾಟ್ 100ರಲ್ಲಿ ಏಳನೇ ಸ್ಥಾನ ತಲುಪಿತು. ಹಿಂಬದಿಯ 'ಅಮೆನ್, ಬ್ರದರ್' ಅನ್ನು ಆಗ ಯಾರೂ ಗಮನಿಸಲಿಲ್ಲ. ಅದರೊಳಗೆ ಗ್ರೆಗರಿ ಕೋಲ್‌ಮನ್ ಬಾರಿಸಿದ ಕೆಲವೇ ಸೆಕೆಂಡುಗಳ ಡ್ರಮ್ ನುಡಿಸಾಣಿಕೆ ಮುಂದೆ ಹಿಪ್‌ಹಾಪ್‌ನ ಕಚ್ಚಾವಸ್ತುವಾಯಿತು, ಬ್ರಿಟನ್ನಿನ 'ಜಂಗಲ್' ಸಂಗೀತ ಪ್ರಕಾರಕ್ಕೆ ತಳಹದಿಯಾಯಿತು, ಸಾವಿರಾರು ಹಾಡುಗಳಲ್ಲಿ ಮರುಬಳಕೆಯಾಯಿತು. ಕೋಲ್‌ಮನ್ ಅವರಿಗೆ ಇದರಿಂದ ಸಂಭಾವನೆಯೇನೂ ಬರಲಿಲ್ಲ. ಪಟ್ಟಿಯೊಂದನ್ನೇ ನಂಬಿದರೆ ಇಂಥ ಕಲಾವಿದರು ಚರಿತ್ರೆಯಿಂದಲೇ ಅಳಿಸಿಹೋಗುತ್ತಾರೆ.

ಪಟ್ಟಿ ಜನಪ್ರಿಯತೆಯನ್ನು ಅಳೆಯುವುದಷ್ಟೇ ಅಲ್ಲ, ಹುಟ್ಟಿಸುವುದೂ ಉಂಟು. 2006ರಲ್ಲಿ ಮ್ಯಾಥ್ಯೂ ಸಾಲ್ಗನಿಕ್, ಪೀಟರ್ ಡಾಡ್ಸ್, ಡಂಕನ್ ವಾಟ್ಸ್ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. 14 ಸಾವಿರಕ್ಕೂ ಹೆಚ್ಚು ಜನರಿಗೆ ಅಪರಿಚಿತ ತಂಡಗಳ 48 ಹಾಡುಗಳನ್ನು ಕೇಳಿಸಿ, ಇಷ್ಟವಾದದ್ದನ್ನು ಡೌನ್‌ಲೋಡ್ ಮಾಡಿಕೊಳ್ಳಲು ಬಿಟ್ಟರು. ಉಳಿದವರ ಆಯ್ಕೆ ಕಾಣುವಂತೆ ಮಾಡಿದ ಗುಂಪುಗಳಲ್ಲಿ ಗೆಲ್ಲುವ ಹಾಡುಗಳು ಗುಂಪಿನಿಂದ ಗುಂಪಿಗೆ ಬದಲಾದವು. ಗೆದ್ದವಕ್ಕೂ ಸೋತವಕ್ಕೂ ನಡುವಿನ ಅಂತರವೂ ಹಿಗ್ಗಿತು. ತೀರ ಒಳ್ಳೆಯ ಹಾಡು ಕೊನೆಗೆ ಬೀಳುವುದು ಅಪರೂಪವಾಗಿತ್ತು. ಆದರೆ ಮೊದಲಿಗೆ ಯಾವುದು ಬರುತ್ತದೆಂದು ಊಹಿಸುವಂತಿರಲಿಲ್ಲ.

ನಮ್ಮಲ್ಲಿ ರೇಡಿಯೋ ಸಿಲೋನ್‌ನ 'ಬಿನಾಕಾ ಗೀತ್‌ಮಾಲಾ' 1952ರಿಂದ ಹಿಂದಿ ಚಿತ್ರಗೀತೆಗಳ ಜನಪ್ರಿಯತೆಯನ್ನು ಮನೆಮಾತಾಗಿಸಿತು. ನಿರೂಪಕ ಅಮೀನ್ ಸಯಾನಿ ಅವರ ಆ ಲೆಕ್ಕದಲ್ಲಿ ಕನ್ನಡ ಹಾಡುಗಳಿರಲಿಲ್ಲ. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಧ್ವನಿಸುರುಳಿ 1978ರಲ್ಲಿ ಬಂದಾಗ ಅದನ್ನು ಮೇಲೆತ್ತಲು ಅಂಥ ಯಾವ ವಾರದ ಪಟ್ಟಿಯೂ ಇರಲಿಲ್ಲ. ಶಾಲೆಯ ಸಮಾರಂಭಗಳಲ್ಲಿ, ರಾಜ್ಯೋತ್ಸವದ ವೇದಿಕೆಗಳಲ್ಲಿ, ಬಾಯಿಂದ ಬಾಯಿಗೆ ಅದು ಉಳಿಯಿತು.

ಪಟ್ಟಿಗಳನ್ನು ಕಸಕ್ಕೆ ಎಸೆಯಬೇಕಿಲ್ಲ. ಉದ್ಯಮದ ಚರಿತ್ರೆ ಬರೆಯಲು ಅವು ಬೇಕೇ ಬೇಕು. ಆದರೆ 'ನಂಬರ್ ಒನ್' ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ಮೂರು ಪ್ರಶ್ನೆ ಕೇಳೋಣ: ಎಣಿಸಿದ್ದು ಏನನ್ನು, ಯಾವ ನಿಯಮದಲ್ಲಿ, ಎಷ್ಟು ದಿನದ ಅವಧಿಗೆ? ಉತ್ತರ ತಿಳಿಯುವ ತನಕ ಹಾಡಿನ ಬೆಲೆ ಕಟ್ಟುವ ಕೆಲಸವನ್ನು ಪಟ್ಟಿಗೆ ಬಿಟ್ಟುಕೊಡಬಾರದು.