ಆಲೂರು ಸೀಮೆಯ ವಿದ್ಯಾರ್ಥಿಗಳೂ ಅವರ ಸಂಘಜೀವನವೂ

ಹಾಸನದಿಂದ ಪಡುವಲಿಗೆ, ಸಕಲೇಶಪುರದ ಮಾರ್ಗವನ್ನು ಹಿಡಿದು ಹೊರಟವನಿಗೆ ಬಯಲುಸೀಮೆಯ ಹೊಲಗಳು ಮೆಲ್ಲಗೆ ಹಿಂದೆ ಸರಿದು, ತಗ್ಗುಗಳಲ್ಲಿ ನೀರು ನಿಂತ ಗದ್ದೆಗಳೂ ದಿಣ್ಣೆಗಳ ಮೇಲೆ ಮರಗಳ ದಟ್ಟಣೆಯೂ ಕಾಣತೊಡಗುವ ಎಡೆಯಲ್ಲಿ ಆಲೂರು ದೊರೆಯುತ್ತದೆ. ಅರೆಮಲೆನಾಡೆಂದು ಹೆಸರಾದ ಈ ಸೀಮೆಯ ಬಾಳು ಬತ್ತದ ಗದ್ದೆಯನ್ನೂ ಮುಂಗಾರಿನ ಕೃಪೆಯನ್ನೂ ನಂಬಿ ಬೆಳೆದುಬಂದುದು. ಕೆಂಚಮ್ಮನ ಹೊಸಕೋಟೆಯಲ್ಲಿ ನೆಲಸಿರುವ ಕೆಂಚಾಂಬೆ ಸುತ್ತಣ ಊರುಗಳವರೆಲ್ಲ ನಡೆದುಕೊಳ್ಳುವ ದೇವತೆ. ಈ ಸೀಮೆಯ ಚರಿತ್ರೆಯನ್ನು ಬರೆಯಹೊರಟವರು ಐಗೂರಿನ ಪಾಳೆಯಗಾರರಿಂದಲೋ, 1792ರಲ್ಲಿ ಟಿಪ್ಪು ಸುಲ್ತಾನನು ಸಕಲೇಶಪುರದ ಬಳಿ ಕಟ್ಟಿಸಿದ ನಕ್ಷತ್ರಾಕಾರದ ಮಂಜರಾಬಾದ್ ಕೋಟೆಯಿಂದಲೋ ಆರಂಭಿಸುವುದು ವಾಡಿಕೆ. ನನಗಾದರೋ ಕೋಟೆಗಿಂತಲೂ ಹೃದ್ಯವೆನಿಸುವ ಅಧ್ಯಾಯ ಬೇರೊಂದಿದೆ: ಈ ಗದ್ದೆಗಳ ಅಂಚಿನಿಂದ ವಿದ್ಯೆಯನ್ನರಸಿ ಹೊರಟ ತರುಣರು ಪರಸ್ಥಳದಲ್ಲಿ ಒಬ್ಬರಿಗೊಬ್ಬರು ಬಂಧುಗಳಾದ ಕಥೆ.

ವಿದ್ಯಾರ್ಥಿಗಳು ಹೀಗೆ ಒಗ್ಗೂಡುವುದು ನಮ್ಮಲ್ಲಿ ಮಾತ್ರ ಕಂಡುದಲ್ಲ; ಅಮೆರಿಕದ ವರ್ಜೀನಿಯಾದಲ್ಲಿ 1776ರಷ್ಟು ಹಿಂದೆಯೇ ವಿಲಿಯಂ ಅಂಡ್ ಮೇರಿ ಕಾಲೇಜಿನ ವಿದ್ಯಾರ್ಥಿಗಳು ‘ಫೈ ಬೀಟಾ ಕಪ್ಪಾ’ ಎಂಬ ಗ್ರೀಕ್ ಅಕ್ಷರಗಳ ಹೆಸರಿನಿಂದ ಒಂದು ಸೋದರಸಂಘವನ್ನು ಕಟ್ಟಿದರು. ಗುಟ್ಟಿನ ಪ್ರತಿಜ್ಞೆ, ಗುಟ್ಟಿನ ಹಸ್ತಲಾಘವ ಮೊದಲಾದ ವಿಧಿಗಳು ಅದಕ್ಕಿದ್ದುವು. ನಮ್ಮಲ್ಲಿ ವಿದ್ಯಾರ್ಥಿಗಳನ್ನು ಕೂಡಿಸಿದುದು ಅಂಥ ವ್ರತವಲ್ಲ, ಅನ್ನ. ಮನೆಯಿಂದ ಹೊರಟವನ ಮೊದಲ ಚಿಂತೆ ಪುಸ್ತಕದ್ದಾಗಿರಲಿಲ್ಲ. ಎಲ್ಲಿ ಉಣ್ಣುವುದು, ಎಲ್ಲಿ ಮಲಗುವುದು, ಮಲೆಸೀಮೆಯ ಚಳಿಜ್ವರ ಮರುಕಳಿಸಿದರೆ ಗಂಜಿ ಕಾಯಿಸಿಕೊಡುವವರಾರು ಎಂಬುದೇ ಆಗಿತ್ತು. ಬಡ ಬ್ರಾಹ್ಮಣ ಹುಡುಗರಿಗೆ ವಾರಾನ್ನವಿತ್ತು: ವಾರದ ಒಂದೊಂದು ದಿನಕ್ಕೆ ಒಂದೊಂದು ಮನೆಯನ್ನು ಗೊತ್ತುಮಾಡಿಕೊಂಡು, ಆ ಮನೆಯ ತಾಯಿಯ ಕರುಣೆಯಿಂದ ಹೊಟ್ಟೆಯನ್ನು ಹೊರೆದು ಓದಿದವರು ಹಳೆಯ ಮೈಸೂರಿನಲ್ಲಿ ಅಸಂಖ್ಯಾತರು. ಆ ಬಾಗಿಲು ತೆರೆಯದ ಒಕ್ಕಲು ಮಕ್ಕಳಿಗೆ ಆಸರೆ ಬೇರೆ ದಿಕ್ಕಿನಿಂದ ಬರಬೇಕಾಯಿತು. 1905ರಲ್ಲಿ ಮೈಸೂರು ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯೂ 1906ರಲ್ಲಿ ಒಕ್ಕಲಿಗರ ಸಂಘವೂ ಹುಟ್ಟಿದುವು. ಇಂಥ ಸಂಸ್ಥೆಗಳ ಆಶ್ರಯದಲ್ಲಿ ಎದ್ದ ವಿದ್ಯಾರ್ಥಿನಿಲಯಗಳೇ ನಮ್ಮ ನಾಡಿನ ನಿಜವಾದ ಸೋದರಸಂಘಗಳು. ಒಂದೇ ಪಂಕ್ತಿಯಲ್ಲಿ ಕುಳಿತು ಉಂಡು, ಒಂದೇ ದೀಪದ ಸುತ್ತ ಓದಿ, ಒಬ್ಬನ ಕಂಬಳಿಯನ್ನು ಇನ್ನೊಬ್ಬನು ಹೊದ್ದು ಬೆಳೆದವರ ನಂಟು ಮುಂದೆ ಉದ್ಯೋಗ, ರಾಜಕೀಯ, ವಿವಾಹಸಂಬಂಧಗಳವರೆಗೂ ಹಬ್ಬಿತು.

ಆದರೂ ಹೇಳಲೇಬೇಕಾದ ಮಾತೊಂದುಂಟು. ನಿಲಯಗಳು ಅನ್ನವಿಕ್ಕಿದುವು, ಜಾತಿಯ ಗೋಡೆಯನ್ನೂ ನಿಲ್ಲಿಸಿದುವು. ತನ್ನವರಲ್ಲದವರೊಡನೆ ಸೋದರನಾಗುವ ಪಾಠ ಅಲ್ಲಿ ದೊರೆಯುವುದು ಕಷ್ಟವಾಗಿತ್ತು. ಆ ಪಾಠವನ್ನು ಕಲಿಸಿದುದು ಭಾಷೆ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಗಿ, ಬೆಂಗಳೂರಿನ ಸೆಂಟ್ರಲ್ ಕಾಲೇಜೂ ಮೈಸೂರಿನ ಮಹಾರಾಜಾ ಕಾಲೇಜೂ ಅದರ ಎರಡು ಕಣ್ಣುಗಳಾದ ದಿನಗಳಲ್ಲಿ, ತರಗತಿಯ ಮಾತೆಲ್ಲ ಇಂಗ್ಲಿಷಿನದೇ ಆಗಿರುವಾಗ, ಎ. ಆರ್. ಕೃಷ್ಣಶಾಸ್ತ್ರಿಗಳು ಸೆಂಟ್ರಲ್ ಕಾಲೇಜಿನಲ್ಲಿ ಕರ್ಣಾಟಕ ಸಂಘವನ್ನು ಕಟ್ಟಿ, 1919ರಲ್ಲಿ ‘ಪ್ರಬುದ್ಧ ಕರ್ಣಾಟಕ’ವೆಂಬ ಪತ್ರಿಕೆಯನ್ನು ಹೊರಡಿಸಿದರು. ಗುರುಗಳೂ ಶಿಷ್ಯರೂ ಸಮಭಾವದಿಂದ ಕುಳಿತು ಕನ್ನಡದಲ್ಲಿ ಪ್ರಬಂಧವನ್ನೋದಿ ಚರ್ಚಿಸಬಹುದೆಂಬುದು ಆ ಕಾಲಕ್ಕೆ ಹೊಸ ಸಂಗತಿ. ಮನೆಮಾತಿನ ಒರಟುತನಕ್ಕಾಗಿ ಪಟ್ಟಣದಲ್ಲಿ ನಾಚಿ ಮುದುಡುತ್ತಿದ್ದ ಹಳ್ಳಿಯ ಹುಡುಗನಿಗೆ ತನ್ನ ನುಡಿಯೇ ಇಲ್ಲಿ ಅಧಿಕಾರಮುದ್ರೆಯಾಯಿತು; ಸಂಘದ ಬಾಗಿಲಲ್ಲಿ ಕುಲವನ್ನು ಕೇಳದೆ ಕನ್ನಡವನ್ನಷ್ಟೇ ಕೇಳುತ್ತಿದ್ದರೆಂಬುದನ್ನು ನಾನು ಅದರ ಪರಮಗೌರವವೆಂದು ತಿಳಿಯುತ್ತೇನೆ. ತೀರ್ಥಹಳ್ಳಿಯ ಕಡೆಯಿಂದ ಮೈಸೂರಿಗೆ ಬಂದ ಮತ್ತೊಬ್ಬ ಮಲೆನಾಡಿಗರಾದ ಕುವೆಂಪು ಅವರು 1926ರಲ್ಲಿ ಶ್ರೀರಾಮಕೃಷ್ಣಾಶ್ರಮವನ್ನು ಸೇರಿ, ಅಲ್ಲಿದ್ದುಕೊಂಡೇ ಮಹಾರಾಜಾ ಕಾಲೇಜಿನಲ್ಲಿ ಓದಿದುದನ್ನೂ ಇಲ್ಲಿ ನೆನೆಯಬೇಕು. ಅನ್ನವನ್ನೂ ಆದರ್ಶವನ್ನೂ ಒಂದೇ ಸೂರಿನಡಿಯಲ್ಲಿ ಪಡೆಯುವ ಭಾಗ್ಯ ಎಲ್ಲರಿಗೂ ಒದಗುವಂತಹುದಲ್ಲ.

ಮುಂದೆ ಕಾಲವು ವಿದ್ಯೆಯನ್ನು ಊರಿಗೆ ಹತ್ತಿರ ತಂದಿತು. 1960ರಲ್ಲಿ ಹಾಸನದಲ್ಲಿ ಮಲೆನಾಡು ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು. 1979ರ ಹೊತ್ತಿಗೆ ಹಾಸನದಿಂದ ಮಂಗಳೂರಿಗೆ ಘಟ್ಟವಿಳಿಯುವ ರೈಲುದಾರಿ ಆಲೂರನ್ನು ಹಾದು ಪೂರ್ಣಗೊಂಡಿತು. ಈಗ ಆಲೂರಿನಲ್ಲಿಯೇ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ನಡೆಯುತ್ತಿದೆ. ಬೆಳಗಿನ ಬಸ್ಸಿಗೆ ಹೊರಟ ವಿದ್ಯಾರ್ಥಿ ಸಂಜೆಯ ಊಟಕ್ಕೆ ಮನೆಯಲ್ಲಿರುತ್ತಾನೆ. ಇದರಿಂದ ಒಂದೇ ಸೂರಿನ ಕೆಳಗೆ ವರ್ಷಗಟ್ಟಲೆ ಕೂಡಿ ಬಾಳಿದ ಸ್ನೇಹ ಸಡಿಲಗೊಂಡಿತೆಂದು ಮರುಗುವ ಹಿರಿಯರ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಆದರೆ ಆ ಹಳೆಯ ಪಂಕ್ತಿಗಳಲ್ಲಿ ಹೆಣ್ಣುಮಕ್ಕಳಿಗೆ ಎಲೆ ಹಾಕಿದವರಿರಲಿಲ್ಲ. ದೂರದ ಪಟ್ಟಣಕ್ಕೆ ಮಗನನ್ನು ಕಳುಹಿಸಿದ ತಂದೆಯೇ ಮಗಳನ್ನು ಗದ್ದೆಯ ನಾಟಿಗೆ ನಿಲ್ಲಿಸಿಕೊಂಡನು. ಕಾಲೇಜು ಊರಿಗೇ ಬಂದ ಮೇಲೆ ಆ ಒಕ್ಕಲುಮನೆಗಳ ಹೆಣ್ಣುಮಕ್ಕಳೂ ಪದವಿಯ ತರಗತಿಯಲ್ಲಿ ಕುಳಿತು ಓದುತ್ತಿದ್ದಾರೆ.